ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೇಸಗೆಯ ಸಂಜೆ ಬೀದಿಯ ಮಕ್ಕಳೆಲ್ಲ ಕಣ್ಣಾಮುಚ್ಚಾಲೆಗೆ ನೆರೆದಾಗ, ಅಕ್ಕನ ಲಂಗದ ಅಂಚು ಹಿಡಿದು ಬಂದ ಎಳೆಯ ಕೂಸೊಂದನ್ನು ಮನೆಗೆ ಅಟ್ಟಲೂ ಮನಸ್ಸು ಬಾರದೆ, ಆಟದ ಕಟ್ಟುಪಾಡಿಗೆ ಪೂರ್ತಿಯಾಗಿ ಒಳಪಡಿಸಲೂ ಆಗದೆ, ದೊಡ್ಡ ಮಕ್ಕಳು ತಮ್ಮೊಳಗೆ ಒಂದು ತೀರ್ಮಾನಕ್ಕೆ ಬರುವುದುಂಟು: ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಕೂಸು ಎಲ್ಲರೊಡನೆ ಓಡುತ್ತದೆ, ಎಲ್ಲರೊಡನೆ ಕೂಗುತ್ತದೆ, ಬಾಗಿಲ ಸಂದಿಯಲ್ಲಿ ಅವಿತುಕೊಳ್ಳುತ್ತದೆ. ಆದರೆ ಅದನ್ನು ಹುಡುಕುವವರಿಲ್ಲ, ಮುಟ್ಟಿ ಔಟು ಮಾಡುವವರಿಲ್ಲ, ಕಣ್ಣು ಮುಚ್ಚಿ ನಿಲ್ಲುವ ಸರದಿಯೂ ಅದಕ್ಕೆ ಬರುವುದಿಲ್ಲ. ಎರಡು ವರ್ಷದ ಕೂಸಿನ ವಿಷಯದಲ್ಲಿ ಇದು ಔದಾರ್ಯವೆಂದೇ ಹೇಳಬೇಕು. ಆದರೆ ನಾಲ್ಕು ವರ್ಷ ತುಂಬುತ್ತ ಬಂದರೂ ಮಾತು ನೆಟ್ಟಗೆ ಮೂಡದ ಮಗುವೊಂದನ್ನು ಅಂಗನವಾಡಿಯ ಚಾಪೆಯ ಮೂಲೆಯಲ್ಲಿ ಕುಳ್ಳಿರಿಸಿ, ಹಾಜರಿ ಪುಸ್ತಕದಲ್ಲಿ ಅದರ ಹೆಸರು ಬರೆದು, ಹಾಲನ್ನೂ ಮೊಟ್ಟೆಯನ್ನೂ ಎಲ್ಲರಂತೆ ಅದಕ್ಕೂ ಹಂಚಿ, ಉಳಿದ ಹೊತ್ತೆಲ್ಲ ಅದನ್ನು ಅದರ ಮೌನಕ್ಕೇ ಒಪ್ಪಿಸಿಬಿಟ್ಟು, ‘ನಾಲ್ಕು ಮಕ್ಕಳ ಜೊತೆ ಕೂತರೆ ಮಾತು ತಾನೇ ಬರುತ್ತೆ ಬಿಡಿ’ ಎಂದು ನಾವು ಸಮಾಧಾನಪಟ್ಟುಕೊಳ್ಳುವಾಗ, ಅದೇ ಹಳೆಯ ಒಪ್ಪಂದವನ್ನು ಅರಿಯದೆಯೇ ಮತ್ತೆ ಬರೆದಿರುತ್ತೇವೆ. ಒಡನಿರುವುದೇ ಬೇರೆ, ಒಡನಾಟವೇ ಬೇರೆ. ಮೊದಲನೆಯದು ಚಾಪೆಯಲ್ಲಿ ಜಾಗ ಕೊಟ್ಟಮಾತ್ರಕ್ಕೆ ದೊರೆಯುತ್ತದೆ. ಎರಡನೆಯದನ್ನು ಯಾರಾದರೂ ಕುಳಿತು ಹೆಣೆಯಬೇಕು, ಮತ್ತು ಆ ಹೆಣಿಗೆಯ ಕೆಲಸ ಮೌನಿಯಾದ ಮಗುವಿನಿಂದ ಅಲ್ಲದೆ ಮಾತು ಬಲ್ಲ ಮಕ್ಕಳಿಂದಲೇ ಆರಂಭವಾಗಬೇಕು ಎಂಬುದು ಈ ಬರಹದ ವಾದ.

ಮಾತು ತಡವಾದ ಮಗುವನ್ನು ಕುರಿತು ನಮ್ಮ ಮನೆಗಳಲ್ಲಿ ನಡೆಯುವ ವಿಚಾರಣೆಯ ಕ್ರಮವನ್ನು ಅರಿಯದವರಿಲ್ಲ. ಅಜ್ಜಿಯಾದವಳು ಬಜೆಯ ಬೇರನ್ನು ತೇಯ್ದು ನಾಲಗೆಗೆ ಸವರುತ್ತಾಳೆ. ಅತ್ತೆಯಾದವಳು ‘ಇವರಪ್ಪನೂ ಮೂರು ತುಂಬೋವರೆಗೆ ಬಾಯಿ ಬಿಟ್ಟಿರಲಿಲ್ಲ’ ಎಂದು ವಂಶಾವಳಿಯನ್ನು ಸಾಕ್ಷಿಗೆ ಕರೆಯುತ್ತಾಳೆ. ಬಂದ ನೆಂಟರು ಮಗುವಿನ ಗಲ್ಲ ಹಿಡಿದು, ‘ಅಜ್ಜ ಅನ್ನು, ಅನ್ನು ನೋಡೋಣ’ ಎಂದು ಪರೀಕ್ಷೆಗೆ ತೊಡಗುತ್ತಾರೆ. ಈ ಕಡೆಯ ಉಪಚಾರದಷ್ಟು ನಿಷ್ಫಲವಾದದ್ದು ಇನ್ನೊಂದಿಲ್ಲವೆಂದು ನಾನು ಬಲ್ಲೆ. ಏಕೆಂದರೆ ಆ ಅಜ್ಜಂದಿರಲ್ಲಿ ನಾನೂ ಒಬ್ಬನಾಗಿದ್ದೆ. ಸಾಧಾರಣವಾಗಿ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಒಂದೆರಡು ನುಡಿ, ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು 50 ಶಬ್ದಗಳು ಮತ್ತು ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂಥ ಎರಡೆರಡರ ಜೋಡಣೆ, ಇಷ್ಟು ಕಾಣದಿದ್ದರೆ ಮಾತು ತಡವಾಗುತ್ತಿದೆಯೆಂದು ಬಲ್ಲವರು ಎಣಿಸುತ್ತಾರೆ. ಹೀಗೆ ತಡವಾದವರಲ್ಲಿ ಬಹುಮಂದಿ ತಾವಾಗಿಯೇ ಜೊತೆಯವರನ್ನು ಹಿಡಿದುಬಿಡುತ್ತಾರೆಂಬುದು ನಿಜ, ಆದುದರಿಂದ ಅತ್ತೆಯ ವಂಶಾವಳಿ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಯಾರು ಹಿಡಿಯುತ್ತಾರೆ, ಯಾರು ಹಿಂದೆ ಉಳಿಯುತ್ತಾರೆ ಎಂಬುದನ್ನು ಎರಡನೆಯ ವರ್ಷದಲ್ಲೇ ಖಚಿತವಾಗಿ ಹೇಳುವ ಜ್ಯೋತಿಷ್ಯ ಯಾರ ಬಳಿಯೂ ಇಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ಶಾಲೆಗೆ ಸೇರುವ ವಯಸ್ಸಿನ ಮಕ್ಕಳನ್ನು ಪರೀಕ್ಷಿಸಿ ನೋಡಿದವರು, ಬೇರೆ ಯಾವ ಕಾರಣವೂ ಕಾಣದೆ ಭಾಷೆಯೊಂದೇ ಗಣನೀಯವಾಗಿ ಕುಂಠಿತವಾದವರು 100ಕ್ಕೆ ಸುಮಾರು 7 ಮಂದಿ ಎಂದು ಕಂಡುಕೊಂಡಿದ್ದಾರೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾತು ತಡವಾದ ಮಗುವಿಗೆ ಮೊಟ್ಟಮೊದಲು ಆಗಬೇಕಾದುದು ಕಿವಿಯ ಪರೀಕ್ಷೆ. ಬಾಗಿಲು ಬಡಿದರೆ ತಿರುಗಿ ನೋಡುತ್ತದೆಂಬ ಮಾತ್ರಕ್ಕೆ ಮಗುವಿಗೆ ‘ಸ’ಕಾರವೂ ‘ತ’ಕಾರವೂ ಸ್ಪಷ್ಟವಾಗಿ ಕೇಳುತ್ತಿದೆಯೆಂದು ತಿಳಿಯಲಾಗದು, ನೆಗಡಿಯೊಡನೆ ಮರಮರಳಿ ಬರುವ ಕಿವಿಸೋರಿಕೆಯೊಂದೇ ಎಷ್ಟೋ ಮಕ್ಕಳ ಪಾಲಿಗೆ ಮಾತನ್ನು ಮಂಜಿನೊಳಗಿನ ಗೊಣಗಾಟವನ್ನಾಗಿ ಮಾಡಿಟ್ಟಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆರು ದಶಕಗಳಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥದೊಂದು ನಮ್ಮ ನಾಡಿನಲ್ಲೇ ಇರುವಾಗ, ಬಜೆಯ ಬೇರಿನಲ್ಲಿ ಎರಡು ವರ್ಷ ಕಳೆಯುವುದು ವಿವೇಕವಾಗಲಾರದು. ಸಂಗಾತಿ ಮಕ್ಕಳ ಒಡನಾಟವೆಂಬುದು ಈ ಪರೀಕ್ಷೆಗೂ ಅದರ ಮುಂದಿನ ಚಿಕಿತ್ಸೆಗೂ ಬದಲಿಯಲ್ಲ. ಆದರೆ ವಾಕ್ ಚಿಕಿತ್ಸಕರ ಎದುರು ಮಗು ಕೂರುವುದು ವಾರಕ್ಕೆ ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ. ಅಂಗನವಾಡಿಯಲ್ಲಿ, ಬೀದಿಯಲ್ಲಿ, ಜಗಲಿಯಲ್ಲಿ ಅದು ಇತರ ಮಕ್ಕಳ ನಡುವೆ ಕಳೆಯುವ ಹೊತ್ತು ಅದರ ಹತ್ತಾರು ಪಾಲು. ಆ ಹೊತ್ತನ್ನೆಲ್ಲ ಬೀಳುಬಿಟ್ಟ ಹೊಲದಂತೆ ಬಿಟ್ಟು, ಒಂದು ಗಂಟೆಯ ಕೈತೋಟದಿಂದ ಮನೆ ತುಂಬುವ ಬೆಳೆಯನ್ನು ನಾವು ಅಪೇಕ್ಷಿಸುತ್ತಿದ್ದೇವೆ.

ತಾಯಿಯಿಂದ ಕಲಿಯುವ ಮಾತಿಗೂ ಓರಗೆಯವರಿಂದ ಕಲಿಯುವ ಮಾತಿಗೂ ಒಂದು ಸೂಕ್ಷ್ಮವಾದ ಭೇದವಿದೆ. ತಾಯಿಗೆ ಅರ್ಧ ನುಡಿ ಸಾಕು. ಎಷ್ಟೋ ವೇಳೆ ಅದೂ ಬೇಡ. ಮಗು ನೀರಿನ ಮಡಕೆಯತ್ತ ನೋಡಿದರೆ ಲೋಟ ಬಂದಿರುತ್ತದೆ, ಹುಬ್ಬು ಗಂಟಿಕ್ಕಿದರೆ ಮಡಿಲು ಸಿಕ್ಕಿರುತ್ತದೆ. ಇದು ವಾತ್ಸಲ್ಯದ ಅತಿಶಯವೇ ಹೊರತು ದೋಷವಲ್ಲ. ಆದರೂ ಮಾತಿನ ಆವಶ್ಯಕತೆಯನ್ನು ಮಗುವಿನ ಬಾಯಿಗೆ ಬರುವ ಮುಂಚೆಯೇ ಕಸಿದುಕೊಳ್ಳುವ ಶಕ್ತಿ ಅದಕ್ಕಿದೆಯೆಂಬುದನ್ನು ಒಪ್ಪಲೇಬೇಕು. ಓರಗೆಯ ಮಗುವಾದರೋ ಅಂತಹ ಅಂತರ್ಯಾಮಿಯಲ್ಲ. ಅದಕ್ಕೆ ತನ್ನ ಚೆಂಡು ಬೇಕು, ತನ್ನ ಸರದಿ ಬೇಕು, ತನ್ನ ಮಾತಿಗೆ ಉತ್ತರ ಬೇಕು. ಮಾತು ಬಾರದವನ ಕೈಯಿಂದ ಅದು ಚೆಂಡನ್ನು ಕಸಿದುಕೊಂಡು ಓಡುವಾಗ, ‘ನಂದು’, ‘ಕೊಡಲ್ಲ’, ‘ನಾನು ಫಸ್ಟು’ ಎಂಬ ಪದಗಳಿಗೆ ಹೃದಯದಾಳದ ಬೇಡಿಕೆಯೊಂದು ಹುಟ್ಟುತ್ತದೆ. ಈ ಪದಗಳನ್ನು ಯಾವ ತಾಯಿಯೂ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದನ್ನು ನಾನು ಕಾಣೆ. ಆದರೂ ಅವನ್ನು ಅರಿಯದೆ ದೊಡ್ಡವನಾದ ಮನುಷ್ಯನನ್ನೂ ಕಾಣೆ. ಅಲ್ಲದೆ ನಮ್ಮ ಭಾಷೆಯ ಸೊಗಸೆಂದರೆ ‘ಕೊಡಲ್ಲ’ ಎಂಬ ಒಂದೇ ಪದದಲ್ಲಿ ಕ್ರಿಯೆಯೂ ನಿಷೇಧವೂ ಕೂಡಿಕೊಂಡು ಒಂದು ಪೂರ್ಣ ವಾಕ್ಯವೇ ನಿಂತಿರುತ್ತದೆ. ಜಗಳವಾಡಲು ಕಲಿತ ಕನ್ನಡದ ಮಗು ಅರ್ಧ ವ್ಯಾಕರಣವನ್ನು ಕಲಿತಂತೆಯೇ.

ಆದರೆ ಇದೇ ಗುಣಕ್ಕೆ ಇನ್ನೊಂದು ಅಲಗೂ ಇದೆ. ತಾಯಿ ಕಾಯುತ್ತಾಳೆ, ಓರಗೆಯವರು ಕಾಯುವುದಿಲ್ಲ. ಒಮ್ಮೆ ಕೇಳಿ, ಎರಡು ಸಲ ಕೇಳಿ, ಉತ್ತರ ಬಾರದೆ ಹೋದರೆ ಮೂರನೆಯ ಸಲಕ್ಕೆ ಇನ್ನೊಬ್ಬ ಗೆಳೆಯನ ಬಳಿಗೆ ಹೊರಟುಹೋಗುತ್ತಾರೆ. ಅವರು ಹೋದಷ್ಟೂ ಈ ಮಗುವಿಗೆ ಮಾತಿನ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದಷ್ಟೂ ಅವರು ಇನ್ನಷ್ಟು ದೂರ ಹೋಗುತ್ತಾರೆ. ಕೆಲವು ಮಕ್ಕಳು ಕರುಣಾಳುಗಳಾಗಿದ್ದು ಬಿಟ್ಟುಹೋಗುವುದಿಲ್ಲ, ಆದರೆ ಮೌನಿಯ ವಕೀಲಿಯನ್ನು ವಹಿಸಿಕೊಂಡುಬಿಡುತ್ತಾರೆ: ‘ಮಿಸ್, ಅವನಿಗೆ ಒಂದ ಬಂದಿದೆಯಂತೆ’, ‘ಮಿಸ್, ಅವನಿಗೆ ಸಾಕಂತೆ.’ ಹೀಗೆ ಒಂದು ಕಡೆ ತ್ಯಾಗ, ಇನ್ನೊಂದು ಕಡೆ ವಕಾಲತ್ತು. ಎರಡರಲ್ಲಿಯೂ ಮಗುವಿನ ಬಾಯಿ ಮುಚ್ಚಿಯೇ ಉಳಿಯುತ್ತದೆ. ‘ಮೂಗ’ ಎಂದು ಅಡ್ಡಹೆಸರಿಡುವ ಮೂರನೆಯ ಬಗೆಯೂ ಉಂಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಾಲ್ಕು ಮಕ್ಕಳ ಜೊತೆ ಕೂತರೆ ತಾನೇ ಬರುತ್ತದೆ ಎಂಬ ನಂಬಿಕೆ ಸೋಲುವುದು ಇಲ್ಲಿಯೇ.

ಹಿಂದುಳಿದವರನ್ನು ಮುಂದುವರಿದವರೊಡನೆ ಬೆರೆಸಬೇಕೆಂಬ ವಿಚಾರ ಹೊಸತೇನೂ ಅಲ್ಲ. ಕೇವಲ 37 ವರ್ಷ ಬದುಕಿ 1934ರಲ್ಲಿ ಕ್ಷಯರೋಗದಿಂದ ತೀರಿಕೊಂಡ ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೊಟ್‌ಸ್ಕಿ, ಮಗು ಇಂದು ಇನ್ನೊಬ್ಬರ ನೆರವಿನಿಂದ ಮಾಡಬಲ್ಲದ್ದನ್ನು ನಾಳೆ ತಾನೊಂದೇ ಮಾಡಬಲ್ಲುದೆಂದು ವಾದಿಸಿ, ಆ ನೆರವು ನೀಡಬಲ್ಲವರ ಸಾಲಿನಲ್ಲಿ ದೊಡ್ಡವರೊಡನೆ ತನಗಿಂತ ಒಂದು ಹೆಜ್ಜೆ ಮುಂದಿರುವ ಓರಗೆಯವರನ್ನೂ ಸೇರಿಸಿದನು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧ ತೊಡಗಿದ ಕಾರಣ ಹಿಂದಿರುಗಲಾಗದೆ ಕೆಲವು ವರ್ಷ ಕೊಡೈಕಾನಲಿನಲ್ಲಿ ನಿಂತ ಇಟಲಿಯ ಮರಿಯಾ ಮಾಂಟೆಸರಿಯೂ ಮೂರು, ನಾಲ್ಕು, ಐದು ವಯಸ್ಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿರಿಸಿ, ಕಿರಿಯರು ಹಿರಿಯರನ್ನು ನೋಡಿ ಕಲಿಯುವುದನ್ನು ತನ್ನ ಪದ್ಧತಿಯ ಒಂದು ಕಂಬವನ್ನಾಗಿ ಮಾಡಿಕೊಂಡಿದ್ದಳು. ಆಕೆಯ ಹೆಸರು ಹೊತ್ತ ಎಷ್ಟೋ ಖಾಸಗಿ ಶಾಲೆಗಳು ಇಂದು ಮಕ್ಕಳನ್ನು ಎಲ್‌ಕೆಜಿ, ಯುಕೆಜಿ ಎಂದು ವಯಸ್ಸಿನ ಡಬ್ಬಿಗಳಲ್ಲಿ ತುಂಬಿಡುತ್ತವೆ. ಆಕೆಯ ಹೆಸರನ್ನೇ ಕೇಳದ ಹಳ್ಳಿಯ ಅಂಗನವಾಡಿ ಮಾತ್ರ ಮೂರರಿಂದ ಆರರವರೆಗಿನ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿಕೊಂಡಿದೆ. ಬಡತನ ಒಮ್ಮೊಮ್ಮೆ ಶಾಸ್ತ್ರಸಮ್ಮತವಾಗಿಬಿಡುತ್ತದೆ.

ಇದನ್ನು ನಾನು ಪುಸ್ತಕದಿಂದ ತಿಳಿಯುವ ಮುನ್ನ ಕಣ್ಣಾರೆ ಕಂಡೆ. ನನ್ನ ತಂಗಿಯ ಮೊಮ್ಮಗ ಮೂರೂವರೆ ವರ್ಷದವನಾಗಿದ್ದಾಗ ಅವನ ಬಾಯಲ್ಲಿ ಇದ್ದವು ಹನ್ನೆರಡೋ ಹದಿಮೂರೋ ಪದಗಳು; ಕಿವಿ ಸರಿಯಾಗಿದೆಯೆಂದು ಪರೀಕ್ಷಿಸಿ ಹೇಳಿದ್ದರು. ‘ಅಣ್ಣಾ, ನಾನು ಹೇಳಿದ್ದೆಲ್ಲ ಇವನಿಗೆ ತಿಳಿಯುತ್ತೆ, ಬಾಯಿ ಒಂದು ಬರಲ್ಲ ನೋಡು’ ಎಂದು ತಂಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗರದ ಒಂದು ನರ್ಸರಿಗೆ ಅವನ ತಂದೆತಾಯಿ ಕರೆದೊಯ್ದಾಗ, ಅಲ್ಲಿಯವರು ಬಣ್ಣದ ಕಾರ್ಡುಗಳನ್ನು ಮುಂದಿಟ್ಟು ಹೆಸರು ಕೇಳಿ, ಹುಡುಗ ಮೇಜಿನ ಕೆಳಗೆ ನುಸುಳಿದ್ದನ್ನು ಕಂಡು, ಬಹಳ ವಿನಯದಿಂದಲೇ ‘ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ’ ಎಂದು ಬೀಳ್ಕೊಟ್ಟರು. ಈಜು ಬಂದ ಮೇಲೆ ನೀರಿಗಿಳಿ ಎಂದಂತಾಯಿತು. ಕಡೆಗೆ ಅವನನ್ನು ಅಜ್ಜಿಯ ಊರಿಗೆ ತಂದು ಅಲ್ಲಿಯ ಅಂಗನವಾಡಿಗೆ ಬಿಟ್ಟರು. ಮೊದಲ ಎರಡು ತಿಂಗಳು ಅವನು ಅಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬಾಗಿಲ ಬಳಿ ಕೂತು, ಒಂದು ತಗಡಿನ ಡಬ್ಬಿಗೆ ಹುಣಿಸೆಬೀಜ ತುಂಬುವುದು, ಸುರಿಯುವುದು, ಮತ್ತೆ ತುಂಬುವುದು.

ಅಲ್ಲಿಯ ಕಾರ್ಯಕರ್ತೆ ಹೆಚ್ಚು ಓದಿದವಳಲ್ಲ, ಆದರೆ ನೋಡಬಲ್ಲವಳು. ಒಂದು ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಅಲ್ಲಿ ಜಗಲಿಯ ಮೇಲೆ ಕೂತಿದ್ದೆ. ಐದು ವರ್ಷದ ಒಬ್ಬ ಹುಡುಗಿ, ಬಾಯಿಪಾಠದಲ್ಲಿ ಎಲ್ಲರಿಗಿಂತ ಜೋರು, ಅಂಗಳದಲ್ಲಿ ಅಂಗಡಿ ಇಟ್ಟಿದ್ದಳು: ಒಂದು ಕರಟದ ತುಂಬ ಕೆಮ್ಮಣ್ಣು, ಇನ್ನೊಂದರ ತುಂಬ ಮರಳು, ದುಡ್ಡಿಗೆ ಹೊಂಗೆಯ ಎಲೆ. ಹುಡುಗ ಬಂದು ಕೆಮ್ಮಣ್ಣಿನ ಕರಟದತ್ತ ಬೆರಳು ತೋರಿಸಿದ. ಅವಳು ಉದಾರಿ; ಒಡನೆಯೇ ಎತ್ತಿಕೊಡಲು ಹೋದಳು. ಆಗ ಕಾರ್ಯಕರ್ತೆ ಅವಳ ಹಿಂದೆ ಬಗ್ಗಿ ಕಿವಿಯಲ್ಲಿ, ‘ಕೊಡಬೇಡ, ಕೇಳು. ಕೇಳಿ ಸುಮ್ಮನೆ ಕಾಯಿ. ನೀನೇ ಹೇಳಿಬಿಡಬೇಡ’ ಎಂದಳು. ಹುಡುಗಿ ಎರಡು ಕೈಯಲ್ಲಿ ಎರಡು ಕರಟ ಹಿಡಿದು, ಥೇಟು ಸೆಟ್ಟರ ಗತ್ತಿನಲ್ಲಿ, ‘ಬೆಲ್ಲ ಬೇಕೋ, ಉಪ್ಪು ಬೇಕೋ?’ ಎಂದಳು. ಹುಡುಗ ಬೆರಳು ತೋರಿಸಿದ. ಅವಳು ಕದಲಲಿಲ್ಲ. ಅವನು ಅವಳ ಕೈ ಹಿಡಿದೆಳೆದ. ಅವಳು ಕರಟವನ್ನು ಎದೆಗವಚಿಕೊಂಡು ಅವನ ಬಾಯನ್ನೇ ನೋಡುತ್ತ ನಿಂತಳು. ನನಗೆ ತಡೆಯಲಾಗದೆ ‘ಕೊಟ್ಟುಬಿಡಮ್ಮ’ ಎನ್ನಬೇಕೆನಿಸಿತು. ದೊಡ್ಡವರಿಗೆ ಮೌನ ಸಹಿಸದು. ಹತ್ತು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ನಮಗೆ ಉಪವಾಸಕ್ಕಿಂತ ಕಷ್ಟ. ಅಷ್ಟರಲ್ಲಿ ಹುಡುಗ, ‘ಬೆಯ್ಯ’ ಎಂದ. ‘ಬೆಲ್ಲ! ತಗೋ ಬೆಲ್ಲ, ದುಡ್ಡು ಕೊಡು’ ಎಂದು ಅವಳು ಕರಟವನ್ನು ಅವನ ಕೈಗಿಟ್ಟಳು. ತಿದ್ದಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ‘ಇನ್ನೊಂದು ಸಲ ಅನ್ನು’ ಎಂದು ಕಾಡಲಿಲ್ಲ. ಗಿರಾಕಿ ಬೆಲ್ಲ ಕೇಳಿದ, ಅಂಗಡಿಯವಳು ಬೆಲ್ಲ ಕೊಟ್ಟಳು, ಅಷ್ಟೆ. ಆ ಹೊತ್ತು ಮುಗಿಯುವುದರೊಳಗೆ ಅವನು ಆ ಅಂಗಡಿಯಿಂದ ಹದಿನೇಳು ಸಲ ಬೆಲ್ಲ ಕೊಂಡ. ನಾನು ಎಣಿಸಿದೆ.

ಆ ಕಾರ್ಯಕರ್ತೆ ತನ್ನ ತಿಳಿವಳಿಕೆಯಿಂದಲೇ ಕಂಡುಕೊಂಡದ್ದನ್ನು ಅಮೆರಿಕದ ಶಿಶುವಿಹಾರಗಳಲ್ಲಿ ಕೆಲಸ ಮಾಡಿದ ಹೊವರ್ಡ್ ಗೋಲ್ಡ್‌ಸ್ಟೈನ್ ಮತ್ತು ಅವರ ಸಂಗಡಿಗರು 1997ರಲ್ಲಿ ಮೂರು ಪದಗಳ ಒಂದು ಕ್ರಮವನ್ನಾಗಿ ಪ್ರಕಟಿಸಿದ್ದರು: ಜೊತೆಗಿರು, ಆಡು, ಮಾತಾಡು. ಅಭ್ಯಾಸ ಕೊಡಬೇಕಾದುದು ಮಾತು ಬಲ್ಲ ಮಕ್ಕಳಿಗೆ. ಗೆಳೆಯನ ಪಕ್ಕದಿಂದ ಎದ್ದು ಹೋಗದಿರುವುದು. ಅವನು ಆಡುತ್ತಿರುವ ಆಟಕ್ಕೇ ತಾನು ಸೇರುವುದು, ಅವನನ್ನು ತನ್ನ ಆಟಕ್ಕೆ ಎಳೆಯದಿರುವುದು. ಆಡುತ್ತಿರುವುದನ್ನು ಕುರಿತು ಮಾತಾಡುವುದು ಮತ್ತು ಅವನು ಏನೇ ನುಡಿದರೂ, ಅದು ಅರೆಬರೆಯಾದರೂ, ಉತ್ತರ ಕೊಡುವುದು. ಹುಣಿಸೆಬೀಜ ಸುರಿಯುವ ಹುಡುಗನ ಬಳಿ ಇನ್ನೊಂದು ಡಬ್ಬಿ ತಂದು ಕೂತು, ‘ಸುರಿ, ಸುರಿ, ಖಾಲಿ!’ ಎಂದರೆ ಆಯಿತು. ಇಷ್ಟನ್ನು ನಾಲ್ಕು ವರ್ಷದ ಮಗು ಕಲಿಯಬಲ್ಲುದು. ಗೊಂಬೆ ಹಿಡಿದು ಆಡಿ ತೋರಿಸಿದರೆ, ದಿನಕ್ಕೆ ಕೆಲವು ನಿಮಿಷದಂತೆ ಕೆಲವು ದಿನ ಸಾಕು. ಒಂದೇ ಮಗುವಿನ ಮೇಲೆ ಈ ಭಾರ ಹೊರಿಸದೆ ಮೂವರೋ ನಾಲ್ವರೋ ಸರದಿಯ ಮೇಲೆ ಒಡನಾಡಿಗಳಾಗುವುದು ಲೇಸು. ಇಲ್ಲವಾದರೆ ಗೆಳತಿ ನೆಗಡಿಯಾಗಿ ಮನೆಯಲ್ಲುಳಿದ ದಿನ ಹುಡುಗ ಮತ್ತೆ ಬಾಗಿಲಿಗೆ ಹೋಗುತ್ತಾನೆ. ಮತ್ತು ಒಡನಾಡಿಯಾದ ಮಗು ಮೇಷ್ಟ್ರಾಗದಂತೆ ನೋಡಿಕೊಳ್ಳಬೇಕು. ನಮ್ಮ ಮಕ್ಕಳಲ್ಲಿ ಮೇಷ್ಟ್ರ ಅಂಶ ಸ್ವಲ್ಪ ಹೆಚ್ಚು. ಕೋಲು ಸಿಕ್ಕಿದರೆ ಸಾಕು.

ಇಲ್ಲಿ ಮಾತು ಬಲ್ಲ ಮಗುವಿನ ತಂದೆತಾಯಿಯರ ಆತಂಕವನ್ನು ಅಲ್ಲಗಳೆಯಬಾರದು. ‘ನಮ್ಮ ಮಗು ಅವನ ಜೊತೆ ಸೇರಿ ತೊದಲುವುದನ್ನೇ ಕಲಿತರೆ?’ ಎಂದು ಕೇಳುವವರನ್ನು ನಿರ್ದಯರೆಂದು ಬೈದು ಸುಮ್ಮನಾಗಿಸುವುದು ಸುಲಭ. ಉತ್ತರ ಕೊಡುವುದು ನ್ಯಾಯ. ಅಮೆರಿಕದ ಶಿಶುವಿಹಾರಗಳಲ್ಲಿ ಲಾರಾ ಜಸ್ಟಿಸ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓರಗೆಯವರ ಭಾಷೆಯ ಮಟ್ಟದಿಂದ ಅತಿಶಯವಾಗಿ ಪ್ರಭಾವಿತರಾದವರು ನ್ಯೂನತೆಯುಳ್ಳ ಮಕ್ಕಳೇ ಎಂದೂ, ಒಳ್ಳೆಯ ಮಾತುಗಾರರ ನಡುವೆ ಇದ್ದಾಗ ಅವರ ಭಾಷೆ ಹೆಚ್ಚು ಬೆಳೆದು, ಮಾತು ಕಡಮೆಯವರ ನಡುವೆಯೇ ಇದ್ದಾಗ ಹಿಂದೆ ಬಿತ್ತೆಂದೂ, ಆದರೆ ಮಾತಿನಲ್ಲಿ ಮುಂದಿದ್ದ ಮಕ್ಕಳಿಗೆ ಈ ಬೆರಕೆಯಿಂದ ಹಾನಿಯೇನೂ ಕಂಡುಬರಲಿಲ್ಲವೆಂದೂ ತಿಳಿದುಬಂದಿದೆ. ಮಾತು ತಡವಾದವರನ್ನೆಲ್ಲ ಒಂದೆಡೆ ಕಲೆಹಾಕಿ ಬೇರೆ ಕೋಣೆಯಲ್ಲಿರಿಸಿದರೆ ಅವರಿಗೆ ಹಿತವೆಂದು ವಾದಿಸುವವರು ಇದನ್ನು ಗಮನಿಸಬೇಕು. ಇನ್ನು ಆ ಅಂಗಡಿಯ ಹುಡುಗಿಯ ವಿಷಯ: ಬೇಕೋ ಬೇಡವೋ ಎಂದು ಕೇಳಿ ಉತ್ತರಕ್ಕೆ ಕಾಯುವುದನ್ನು ಐದನೆಯ ವರ್ಷದಲ್ಲೇ ಕಲಿತವಳಿಗೆ ನಷ್ಟವೇನಾಯಿತೆಂದು ನನಗೆ ಹೊಳೆಯುತ್ತಿಲ್ಲ. ಆ ವಿದ್ಯೆ ಬಾರದ ಐವತ್ತು ವರ್ಷದವರನ್ನು ನಾನು ಸಭೆಗಳಲ್ಲಿ ದಿನವೂ ನೋಡುತ್ತೇನೆ.

ನಮ್ಮ ನಾಡು ಬಹುಭಾಷೆಗಳದ್ದಾದುದರಿಂದ ಇನ್ನೊಂದು ತೊಡಕೂ ಉಂಟು. ಮಂಗಳೂರಿನ ಕಡೆ ಮನೆಯಲ್ಲಿ ತುಳು, ಕೋಲಾರದಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಎಷ್ಟೋ ಊರುಗಳಲ್ಲಿ ಉರ್ದು ಆಡಿಕೊಂಡು ಬೆಳೆದ ಮಗು ಅಂಗನವಾಡಿಯ ಕನ್ನಡದ ಮುಂದೆ ಕೆಲವು ತಿಂಗಳು ಸುಮ್ಮನಿರುವುದು ಸಹಜ. ಅದು ಮಾತಿನ ಕುಂಠಿತವಲ್ಲ, ಹೊಸ ಮನೆಗೆ ಬಂದವನ ಸಂಕೋಚ. ಮನೆಯಲ್ಲಿ ತನ್ನ ನುಡಿಯಲ್ಲಿ ಅದು ಹರಟುತ್ತಿದೆಯೇ ಎಂದು ತಾಯಿಯನ್ನು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡೂ ಕಡೆ ಮೌನವಿದ್ದರೆ ಪರೀಕ್ಷೆಗೆ ಕಳುಹಿಸಬೇಕು. ಆದರೆ ‘ಎರಡು ಭಾಷೆಯಿಂದ ಮಗು ಗೊಂದಲಗೊಂಡಿದೆ, ಮನೆಯಲ್ಲಿ ನಿಮ್ಮದನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ’ ಎಂದು ಬೋಧಿಸುವ ಪಂಡಿತರ ಮಾತಿಗೆ ಆಧಾರವಿಲ್ಲ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತಾಯಿ ತನಗೆ ಬಾರದ ಭಾಷೆಯಲ್ಲಿ ಮಗುವಿನೊಡನೆ ಮಾತಾಡಹೊರಟರೆ ಅವಳ ಮಾತೂ ಬತ್ತುತ್ತದೆಯೆಂಬುದೊಂದೇ ಅದರ ಫಲ. ಮನೆಯ ನುಡಿ ಬಲ್ಲ ಓರಗೆಯವನೊಬ್ಬನನ್ನು ಪಕ್ಕದಲ್ಲಿ ಕೂರಿಸಿದರೆ ಆ ಮಗುವಿಗೆ ದುಭಾಷಿಯೂ ಗೆಳೆಯನೂ ಒಮ್ಮೆಗೇ ದೊರೆತಂತಾಗುತ್ತದೆ.

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶಿಶು ಅಭಿವೃದ್ಧಿ ಯೋಜನೆ ತೊಡಗಿದಾಗ ಕರ್ನಾಟಕದಲ್ಲಿ ಆಯ್ದುಕೊಂಡದ್ದು ತಿರುಮಕೂಡಲು ನರಸೀಪುರವನ್ನು. ಇಂದು ರಾಜ್ಯದ ಅಂಗನವಾಡಿಗಳು 65,000ಕ್ಕೂ ಮಿಕ್ಕಿವೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಮಾತಿನ ವಿಳಂಬವೂ ಸೇರಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ತಾನು ಎಣಿಸುವ 21 ನ್ಯೂನತೆಗಳಲ್ಲಿ ವಾಕ್ ಮತ್ತು ಭಾಷೆಯ ನ್ಯೂನತೆಯನ್ನೂ ಎಣಿಸಿದೆ. 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅಂಗನವಾಡಿಗೆ ಬರುವ ದಿವ್ಯಾಂಗ ಮಕ್ಕಳಿಗಾಗಿ ಒಂದು ನಿಯಮಾವಳಿಯನ್ನೇ ಹೊರಡಿಸಿತು. ಆದರೂ 2016ರ ಆ ಕಾಯಿದೆಯಾಗಲಿ, 2009ರ ಶಿಕ್ಷಣ ಹಕ್ಕಿನ ಕಾಯಿದೆಯಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಮಗುವಿನ ಕೈಗೆ ಕೊಡುವುದು ಆರನೆಯ ವಯಸ್ಸಿನಿಂದ. ಮಾತು ಹರಿದು ಬರುವ ವಯಸ್ಸು ಕಳೆದು, ತಾನು ಲೆಕ್ಕಕ್ಕಿಲ್ಲವೆಂಬುದನ್ನು ಮಗು ಮನಗಂಡಾದ ಮೇಲೆ ಕಾನೂನು ಕಣ್ಣು ತೆರೆಯುತ್ತದೆ.

ಗುರುತಿಸುವುದಕ್ಕೆ ಪಟ್ಟಿಯಿದೆ, ಕಳುಹಿಸುವುದಕ್ಕೆ ಆಸ್ಪತ್ರೆಯಿದೆ. ಹಿಂದಿರುಗಿ ಬಂದ ಮಗು ಮರುದಿನ ಬೆಳಗ್ಗೆ ಚಾಪೆಯ ಮೇಲೆ ಯಾರ ಪಕ್ಕದಲ್ಲಿ ಕೂರಬೇಕು, ಆ ಪಕ್ಕದವನಿಗೆ ಏನು ಹೇಳಿಕೊಡಬೇಕು ಎಂಬಲ್ಲಿಗೆ ಬಂದಾಗ ಎಲ್ಲರೂ ಮೌನ. ಮಾನಸಗಂಗೋತ್ರಿಗೂ ನರಸೀಪುರಕ್ಕೂ ನಡುವಣ ದಾರಿ ಮೂವತ್ತು ಕಿಲೋಮೀಟರಿನಷ್ಟು. ಒಂದು ತುದಿಯಲ್ಲಿ ಮಾತಿನ ಶಾಸ್ತ್ರ, ಇನ್ನೊಂದು ತುದಿಯಲ್ಲಿ ಮಕ್ಕಳ ಚಾಪೆ. ವಾಕ್ ಶ್ರವಣ ಸಂಸ್ಥೆಯವರು ಊರೂರಿಗೆ ಹೋಗಿ ಶಿಬಿರ ನಡೆಸುವುದುಂಟು, ಅದು ಸ್ತುತ್ಯವೇ. ನಾನು ಕೇಳುವುದು ಅದಕ್ಕಿಂತ ಚಿಕ್ಕದು. ವಾಕ್ ಚಿಕಿತ್ಸಕರು ತಿಂಗಳಿಗೊಮ್ಮೆಯಾದರೂ ಮಗುವನ್ನು ತಮ್ಮ ಕೋಣೆಗೆ ಕರೆಸಿಕೊಳ್ಳುವ ಬದಲು ತಾವೇ ಅಂಗನವಾಡಿಯ ಜಗಲಿಗೆ ಬಂದು, ಒಂದು ಗಂಟೆ ಆಟ ನೋಡಿ, ಒಡನಾಡಿ ಮಕ್ಕಳಿಗೂ ಕಾರ್ಯಕರ್ತೆಗೂ ಎರಡು ಮಾತು ಹೇಳಿ ಹೋಗಲಿ. ಕಾರ್ಯಕರ್ತೆಯರ ತರಬೇತಿಯಲ್ಲಿ ಈ ‘ಜೊತೆಗಿರು, ಆಡು, ಮಾತಾಡು’ ಎಂಬುದಕ್ಕೆ ಅರ್ಧ ದಿನ ಮೀಸಲಾಗಲಿ. ಮತ್ತು ಅವಳ ಮೇಲೆ ನಾವು ಹೇರಿರುವ ತೂಕದ ಲೆಕ್ಕ, ಮೊಟ್ಟೆಯ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಇನ್ನೂ ಹತ್ತು ಲೆಕ್ಕಗಳಲ್ಲಿ ಒಂದೆರಡನ್ನಾದರೂ ಇಳಿಸದೆ ಈ ಹೊಸ ಕೆಲಸವನ್ನು ಮೇಲಿಡಬಾರದು. ಬಗ್ಗಿ ಮಗುವಿನ ಕಿವಿಯಲ್ಲಿ ಮಾತು ಹೇಳಬೇಕಾದವಳ ಕತ್ತು ಪುರಸೊತ್ತಾಗಿರಬೇಕಷ್ಟೆ.

ಆ ಹುಡುಗನ ಕಥೆಗೆ ಪವಾಡದ ಮುಕ್ತಾಯವೇನೂ ಇಲ್ಲ. ವಾಕ್ ಚಿಕಿತ್ಸೆಗೆ ಈಗಲೂ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಾನೆ. ಐದು ತುಂಬಿದರೂ ‘ರ’ಕಾರ ಅವನ ನಾಲಗೆಗೆ ಒಗ್ಗಿಲ್ಲ, ಉದ್ದ ವಾಕ್ಯಗಳು ನಡುವೆ ಕಡಿದುಬೀಳುತ್ತವೆ. ‘ಮೊದಲು ಎಷ್ಟು ಸಾಧು ಇದ್ದ, ಈಗ ಎದುರುತ್ತರ ಕೊಡ್ತಾನೆ ಕಣಣ್ಣ’ ಎಂದು ತಂಗಿ ದೂರುತ್ತಾಳೆ, ದೂರುವಾಗ ನಗುತ್ತಾಳೆ. ಕಳೆದ ಸಂಕ್ರಾಂತಿಗೆ ನಾನು ಆ ಊರಿಗೆ ಹೋಗಿದ್ದಾಗ ಅಂಗನವಾಡಿಯ ಅಂಗಳದಲ್ಲಿ ಕಣ್ಣಾಮುಚ್ಚಾಲೆ ನಡೆದಿತ್ತು. ನೀರಿನ ತೊಟ್ಟಿಯ ಹಿಂದೆ ಅವಿತಿದ್ದ ಅವನನ್ನು ಎಲ್ಲರಿಗಿಂತ ಮೊದಲು ಹಿಡಿದುಬಿಟ್ಟರು. ಅವನು ಅಳತೊಡಗಿದ. ಅಡಿಗೆಯ ಆಯಮ್ಮ ಬಾಗಿಲಿಗೆ ಬಂದು, ‘ಪಾಪ, ಅದನ್ನ ಬಿಟ್ಬಿಡ್ರೇ’ ಎಂದಳು. ಈಗ ಶಾಲೆಗೆ ಸೇರಿಯೂ ಹಬ್ಬದ ರಜೆಯಲ್ಲಿ ಆಟಕ್ಕೆ ಬಂದಿದ್ದ ಆ ಅಂಗಡಿಯ ಹುಡುಗಿ, ‘ಅದ್ಯಾಕೆ ಬಿಡೋದು? ಔಟಾದ್ರೆ ಔಟೇ’ ಎಂದು ಅವನ ತೋಳು ಹಿಡಿದು ಹೊಂಗೆಯ ಮರದ ಬಳಿ ನಿಲ್ಲಿಸಿದಳು. ಅವನು ಮೂಗೊರೆಸಿಕೊಂಡು, ಮರಕ್ಕೆ ಮುಖವೊತ್ತಿ, ‘ಒಂದು, ಎಯಡು’ ಎಂದು ಎಣಿಸತೊಡಗಿದ. ಮೂರು ಮರೆತುಹೋಗಿ ಮತ್ತೆ ಒಂದರಿಂದ ಹಿಡಿದ. ಅಷ್ಟರಲ್ಲಿ ಉಳಿದವರಿಗೆಲ್ಲ ಅವಿತುಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತ್ತು.